ಕಬ್ಬಿನ ಗದ್ದೆಗೆ ಬಂದ ಕ್ಯಾಮೆರಾ

ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ಕಾಡು ಎಂದು ಕರೆಯುವಂಥದ್ದು ಏನೂ ಇಲ್ಲ. ಇರುವುದು ನೀರಾವರಿಯ ಕಬ್ಬು, ತರಕಾರಿ, ಹೊಲಗಳ ನಡುವೆಯೇ ಮನೆ, ಮನೆಯ ಪಕ್ಕದಲ್ಲೇ ಕೊಟ್ಟಿಗೆ. ಚದರ ಕಿಲೋಮೀಟರಿಗೆ 300ಕ್ಕೂ ಹೆಚ್ಚು ಜನ. ಇಂಥ ಜಾಗದ ಕಾಲುದಾರಿಗಳಲ್ಲಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕ್ಯಾಮೆರಾ ಟ್ರ್ಯಾಪ್ ಇಟ್ಟರು. ಹುಲಿ ಎಣಿಸಲು ಅಭಯಾರಣ್ಯಗಳಲ್ಲಿ ಹದಗೊಂಡ ಉಪಕರಣ ಕಬ್ಬಿನ ಗದ್ದೆಗೆ ಬರಲು ಸುಮಾರು ಒಂದು ಶತಮಾನ ಹಿಡಿದಿತ್ತು.

ತಾನೇ ತೆಗೆದುಕೊಳ್ಳುವ ಫೋಟೋ ಎಂಬ ಕಲ್ಪನೆ ಹಳೆಯದು. ಅಮೆರಿಕದ ವಕೀಲ ಜಾರ್ಜ್ ಶೈರಸ್ 19ನೇ ಶತಮಾನದ ಕೊನೆಗೇ ದಾರಿಗೆ ಅಡ್ಡಲಾಗಿ ದಾರ ಕಟ್ಟಿ, ಜಿಂಕೆ ಅದನ್ನು ಎಳೆದಾಗ ಬೆಳಕು ಸಿಡಿದು ಚಿತ್ರ ಮೂಡುವಂತೆ ಮಾಡಿದ್ದರು. ಭಾರತದಲ್ಲಿ ಇದನ್ನು ಸಾಧಿಸಿದವರು ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್. ಓರಗೆಯ ಅಧಿಕಾರಿಗಳೆಲ್ಲ ಹುಲಿಯ ಚರ್ಮ ಸುಲಿಸಿ ಗೋಡೆಗೆ ಹಾಕುತ್ತಿದ್ದ ಕಾಲದಲ್ಲಿ ಅವರು ಹುಲಿಯ ದಾರಿಯಲ್ಲಿ ತಂತಿ ಕಟ್ಟಿ ಕಾದರು. ಒಮ್ಮೆ ಮೆಗ್ನೀಸಿಯಮ್ ಪುಡಿ ಸಿಡಿದರೆ ಆ ರಾತ್ರಿಯ ಕೆಲಸ ಮುಗಿದಂತೆ. 1927ರಲ್ಲಿ ಬಂದ ಅವರ ಪುಸ್ತಕದಲ್ಲಿ ನಮ್ಮ ಕಾಡಿನ ಹುಲಿಗಳು ನಡುರಾತ್ರಿ ನಡೆದ ಹಾಗೆಯೇ ಇವೆ.

ಆದರೆ ಚಿತ್ರ ಬೇರೆ, ಲೆಕ್ಕ ಬೇರೆ. ಹುಲಿಯನ್ನು ಎಣಿಸಲು ಸರ್ಕಾರ ನೆಚ್ಚಿದ್ದು ಹೆಜ್ಜೆಗುರುತನ್ನು. ಒಡಿಶಾದ ಸರೋಜ್ ರಾಜ್ ಚೌಧುರಿ 1960ರ ದಶಕದಲ್ಲಿ ರೂಪಿಸಿದ ಕ್ರಮದಲ್ಲಿ, ಗುರುತಿನ ಮೇಲೆ ಗಾಜು ಇಟ್ಟು ಅಂಚನ್ನು ಬರೆದುಕೊಂಡು, ಆಕಾರ ನೋಡಿ ಇದು ಈ ಹುಲಿ, ಅದು ಆ ಹುಲಿ ಎಂದು ವಿಂಗಡಿಸುತ್ತಿದ್ದರು. 1972ರಲ್ಲಿ ದೇಶದಲ್ಲಿ 1,827 ಹುಲಿಗಳಿವೆ ಎಂದದ್ದು ಹೀಗೆಯೇ. ಕೆಸರಿನಲ್ಲಿ ಒಂದು ರೀತಿ, ಮರಳಿನಲ್ಲಿ ಇನ್ನೊಂದು ರೀತಿ ಮೂಡುವ ಹೆಜ್ಜೆಯಿಂದ ಬಿಡಿ ಹುಲಿಯನ್ನು ಗುರುತಿಸಬಹುದು ಎಂಬ ನಂಬಿಕೆಯೇ ಅದರ ಅಡಿಪಾಯ. ನಂಬಿಕೆ ದೊಡ್ಡದಿತ್ತು, ಪರೀಕ್ಷೆ ನಡೆದದ್ದು ಕಡಿಮೆ.

ಆ ನಂಬಿಕೆಯನ್ನು ಕೆದಕಿದವರು ಉಲ್ಲಾಸ ಕಾರಂತ. ಶಿವರಾಮ ಕಾರಂತರ ಮಗ, ಎಂಜಿನಿಯರಿಂಗ್ ಓದಿ, ಬೇಸಾಯವನ್ನೂ ಮಾಡಿ, ಆಮೇಲೆ ವನ್ಯಜೀವಿ ವಿಜ್ಞಾನಕ್ಕೆ ಬಂದವರು. ನಾಗರಹೊಳೆಯಲ್ಲಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟರು. ಎರಡು ಏಕೆಂದರೆ ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲಿನಂತೆ ಇರುವುದಿಲ್ಲ. ಲೆಕ್ಕದ ಉಪಾಯವೂ ಸರಳವೇ. ಕೆರೆಯಲ್ಲಿ 20 ಮೀನು ಹಿಡಿದು ಗುರುತು ಹಾಕಿ ಬಿಟ್ಟಿರಿ ಎನ್ನೋಣ. ಮತ್ತೊಮ್ಮೆ ಬಲೆ ಬೀಸಿದಾಗ ಸಿಕ್ಕ 20ರಲ್ಲಿ 10ಕ್ಕೆ ಗುರುತಿದ್ದರೆ, ಕೆರೆಯಲ್ಲಿ ಸುಮಾರು 40 ಮೀನುಗಳಿವೆ. ಹುಲಿಗೆ ಗುರುತು ಹಾಕಬೇಕಾಗಿಯೇ ಇಲ್ಲ, ಹುಟ್ಟುವಾಗಲೇ ಹಾಕಿಸಿಕೊಂಡು ಬಂದಿರುತ್ತದೆ. 1995ರಲ್ಲಿ ಪ್ರಕಟವಾದ ಕಾರಂತರ ಪ್ರಬಂಧ ಮತ್ತು 1998ರಲ್ಲಿ ಸಂಖ್ಯಾಶಾಸ್ತ್ರ ಬಲ್ಲ ಜೇಮ್ಸ್ ನಿಕೋಲ್ಸ್ ಜೊತೆ ಬರೆದದ್ದು ಜಗತ್ತಿನ ಅನೇಕ ಕಾಡುಗಳಿಗೆ ಮಾದರಿಯಾದವು.

ದೆಹಲಿಗೆ ಇದು ನಾಟಲು ಸರಿಸ್ಕಾದ ಹಗರಣವೇ ಬೇಕಾಯಿತು. ಕಾಗದದಲ್ಲಿ ಹುಲಿಗಳಿದ್ದ ಆ ಮೀಸಲು ಪ್ರದೇಶದಲ್ಲಿ ಒಂದೂ ಉಳಿದಿಲ್ಲವೆಂದು 2005ರಲ್ಲಿ ಬಯಲಾಯಿತು. ಹೆಜ್ಜೆಗುರುತಿನ ಗಣತಿಯನ್ನು ಕೈಬಿಟ್ಟು ಹೊಸ ಕ್ರಮದಲ್ಲಿ ಅಂದಾಜಿಸಿದಾಗ ಬಂದ ಸಂಖ್ಯೆ 1,411. 2018ರ ಸುತ್ತಿಗೆ 26,838 ಕಡೆ ಕ್ಯಾಮೆರಾ ಇಟ್ಟು ಸುಮಾರು 3.5 ಕೋಟಿ ಚಿತ್ರ ತೆಗೆದರು, ಅದು ಗಿನ್ನೆಸ್ ದಾಖಲೆಯೂ ಆಯಿತು.

ಇಷ್ಟೆಲ್ಲ ಕಾಡಿನ ಮಾತು. ಕಾಡಿನ ಗೆರೆಯಾಚೆ ಏನಿದೆ ಎಂದು ಕೇಳಿದವರು ಕಡಿಮೆ. ಆನಮಲೈಯ ವಾಲ್ಪಾರೈಯಲ್ಲಿ ಚಹಾ, ಕಾಫಿ ತೋಟಗಳ ನಡುವೆ ಸಿಕ್ಕಿಕೊಂಡ ಮಳೆಕಾಡಿನ ತುಣುಕುಗಳಲ್ಲಿ ದಿವ್ಯಾ ಮುದ್ದಪ್ಪ ಮತ್ತಿತರರು ಪುನುಗಿನಂಥ ಸಣ್ಣ ಪ್ರಾಣಿಗಳ ಜಾಡು ಹಿಡಿದರು. ಹಣ್ಣು ತಿಂದು ಬೀಜ ಹರಡುವ ಕಂದು ಪುನುಗು ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲ, ಹಾಗಾಗಿ ಆ ತುಣುಕುಗಳ ನಾಳೆಯ ಮರಗಳ ಪ್ರಶ್ನೆಯೂ ಇದರೊಳಗೆ ಸೇರಿತ್ತು.

ಚಿರತೆಯ ವಿಷಯದಲ್ಲಿ ಜೀವದ ಪ್ರಶ್ನೆಯೇ ಇತ್ತು. ಪುಣೆಯ ಉತ್ತರಕ್ಕಿರುವ ಜುನ್ನರ್ ಭಾಗದಲ್ಲಿ ಊರಿನ ಹತ್ತಿರ ಕಂಡ ಚಿರತೆ ದಾರಿ ತಪ್ಪಿ ಬಂದದ್ದು, ಹಿಡಿದು ಕಾಡಿಗೆ ಬಿಟ್ಟರೆ ಸರಿಹೋಯಿತು ಎಂಬ ಎಣಿಕೆಯಿಂದ 2001ರಿಂದ ಬೋನಿಟ್ಟು ಹಿಡಿದು ಬೇರೆಡೆ ಬಿಡುವ ಕೆಲಸ ದೊಡ್ಡದಾಗಿ ನಡೆಯಿತು. ಅದಕ್ಕೆ ಮೊದಲು ವರ್ಷಕ್ಕೆ ಸರಾಸರಿ 4ರಷ್ಟಿದ್ದ ಮನುಷ್ಯರ ಮೇಲಿನ ದಾಳಿಗಳು 17ಕ್ಕೆ ಏರಿದವು. ಗುರುತಿಲ್ಲದ ಜಾಗದಲ್ಲಿ ಬಿಟ್ಟ ಚಿರತೆ ಅಲ್ಲೇ ನಿಲ್ಲುವುದೂ ಇಲ್ಲ. ಮಾಳಶೇಜ್ ಘಾಟಿನಲ್ಲಿ 2009ರಲ್ಲಿ ರೇಡಿಯೊ ಪಟ್ಟಿ ಕಟ್ಟಿ ಬಿಟ್ಟ ಮುದಿ ಗಂಡು, ಮುಂದೆ ಮರಾಠಿ ಸಿನಿಮಾಕ್ಕೂ ವಸ್ತುವಾದ ‘ಆಜೋಬಾ’, ಹೆದ್ದಾರಿ, ರೈಲು ಹಳಿ ದಾಟುತ್ತ ಮುಂಬಯಿಯ ಅಂಚಿಗೆ ನಡೆದು ಬಂದಿತ್ತು.

ಹಾಗಾದರೆ ಹೊಲದಲ್ಲಿರುವ ಚಿರತೆಗಳು ದಾರಿ ತಪ್ಪಿದವೇ, ಅಲ್ಲಿಯವೇ? ಅಕೋಲೆಯ ಕ್ಯಾಮೆರಾಗಳು ಉತ್ತರಿಸಬೇಕಿದ್ದದ್ದು ಇದನ್ನು. ಚಿರತೆಯ ಚುಕ್ಕೆಗಳೂ ಹುಲಿಯ ಪಟ್ಟೆಯಷ್ಟೇ ನಂಬಿಕಸ್ತ. 2013ರಲ್ಲಿ ಪ್ರಕಟವಾದ ಫಲಿತಾಂಶ (ಬರೆದವರಲ್ಲಿ ಕಾರಂತರೂ ಒಬ್ಬರು) ಹೀಗಿತ್ತು: 100 ಚದರ ಕಿಲೋಮೀಟರಿಗೆ ಸುಮಾರು 5 ವಯಸ್ಕ ಚಿರತೆ, ಜೊತೆಗೆ ಸುಮಾರು ಅಷ್ಟೇ ಕತ್ತೆಕಿರುಬ. ಬೇಟೆಗೆ ಜಿಂಕೆ ಕಡವೆ ಒಂದೂ ಇಲ್ಲ. ಆದರೂ ಮನುಷ್ಯರ ಮೇಲೆ ದಾಳಿ ಅಪರೂಪ.

ಏನು ತಿನ್ನುತ್ತಿದ್ದವು ಎಂಬುದು ಹಿಕ್ಕೆಯ ಪರೀಕ್ಷೆಯಲ್ಲಿ ತಿಳಿಯಿತು. ಆಹಾರದ ತೂಕದಲ್ಲಿ 87 ಪಾಲು ಸಾಕುಪ್ರಾಣಿಗಳು, ಅದರಲ್ಲಿ 39 ಪಾಲು ನಾಯಿಗಳೇ. ಆ ಕಣಿವೆಯಲ್ಲಿ ನಾಯಿಗಿಂತ ಆಡುಗಳ ಸಂಖ್ಯೆ ಎಷ್ಟೋ ಹೆಚ್ಚು, ಆದರೆ ಸಂಜೆಯಾದರೆ ಆಡನ್ನು ಒಳಗೆ ಕೂಡಿ ಬಾಗಿಲು ಹಾಕುತ್ತಾರೆ. ನಾಯಿಗೆ ಬಾಗಿಲು ಹಾಕುವವರಿಲ್ಲ.