ಪ್ಲೇಗ್ ಕಾಲದ ಭಯ, ಇವತ್ತಿನ ನೆರಳು: ಮಲ್ಲೇಶ್ವರದ ಕಥೆ

ಇವತ್ತು ಬೆಂಗಳೂರಿನ ಮಲ್ಲೇಶ್ವರಕ್ಕೆ ಹೋಗೋಣ.

ಮಲ್ಲೇಶ್ವರ ಅಂದ ತಕ್ಷಣ ಏನು ನೆನಪಾಗುತ್ತೆ ಅಂತ ಯಾರನ್ನಾದ್ರೂ ಕೇಳಿ. ಒಬ್ಬರು ಸಿಟಿಆರ್ ಬೆಣ್ಣೆ ಮಸಾಲೆ ಅಂತಾರೆ, ಇನ್ನೊಬ್ಬರು ವೀಣಾ ಸ್ಟೋರ್ಸ್ ಇಡ್ಲಿ ಅಂತಾರೆ, ಮತ್ತೊಬ್ಬರು ಗೌರಿ-ಗಣೇಶ ಹಬ್ಬದ ಹಿಂದಿನ ದಿನದ ಎಂಟನೇ ಕ್ರಾಸ್ ಅಂತಾರೆ. ಕೊನೆಗೆ ಎಲ್ಲರೂ ಸೇರಿಸೋ ಮಾತು ಒಂದೇ: "ಅಲ್ಲಿ ತಂಪು ಕಣ್ರೀ, ಮರಗಳಿವೆ." ಸರಿ, ಊರಿನ ಮಧ್ಯೆ ಅಷ್ಟೊಂದು ಮರ ನಿಲ್ಲೋಕೆ ಜಾಗ ಬಿಟ್ಟವರು ಯಾರು? ಯಾಕೆ ಬಿಟ್ಟರು?

ಬಡಾವಣೆಗಿಂತ ದೇವಸ್ಥಾನ ಹಳೇದು. ಕಾಡು ಮಲ್ಲೇಶ್ವರ ದೇವಸ್ಥಾನದ ಹೆಸರಲ್ಲೇ ಕಾಡು ಇದೆ. ಅಲ್ಲಿನ 1669ರ ಶಾಸನದಲ್ಲಿ ಈ ಜಾಗವನ್ನ ಮಲ್ಲಪುರ ಅಂತ ಕರೆದಿದ್ದಾರೆ. ದೇವರಿಗೆ ದತ್ತಿ ಕೊಟ್ಟವನು ಏಕೋಜಿ, ಅಂದ್ರೆ ಶಿವಾಜಿಯ ಮಲತಮ್ಮ. ಆಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇದು ಬೆಂಗಳೂರಿನ ಹೊರಗಿನ ಒಂದು ಹಳ್ಳಿಯಷ್ಟೇ. ಪಕ್ಕದ ಸ್ಯಾಂಕಿ ಕೆರೆ ಕಟ್ಟಿದ್ದು ಕೂಡ 1882ರಲ್ಲಿ, ಊರಿನ ನೀರಿನ ಬವಣೆ ತಪ್ಪಿಸೋದಕ್ಕೆ.

ಆಗ ಊರು ಅಂದ್ರೆ ಪೇಟೆ. ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ. ಗೋಡೆಗೆ ಗೋಡೆ ತಾಗಿಸಿದ ಮನೆಗಳು, ಮುಂದೆ ಅಂಗಡಿ, ಹಿಂದೆ ಸಂಸಾರ, ಪಕ್ಕದಲ್ಲೇ ಧಾನ್ಯದ ಮಂಡಿ. 1898ರ ಆಗಸ್ಟ್‌ನಲ್ಲಿ ಇಲ್ಲಿಗೆ ಪ್ಲೇಗ್ ಬಂತು, ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ. ಜನ ಮನೆಗೆ ಬೀಗ ಹಾಕಿ ಊರಾಚೆ ಬಯಲಲ್ಲಿ ಗುಡಿಸಲು ಹಾಕ್ಕೊಂಡರು. ನಮ್ಮ ಊರುಗಳಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿಗಳು ಸಿಗೋದು ಆ ಭಯದ ನೆನಪಿಗೇ.

ಹೊಸ ಬಡಾವಣೆ ಮಾಡಬೇಕು ಅನ್ನೋ ಯೋಚನೆ ಪ್ಲೇಗ್‌ಗಿಂತ ಮೊದಲೇ ಇತ್ತು. ಚಾಮರಾಜಪೇಟೆ 1892ರಲ್ಲೇ ಹುಟ್ಟಿತ್ತು. ಆದರೆ ಪೇಟೆ ಬಿಟ್ಟು ಬರಲು ಮನಸ್ಸಿಲ್ಲದ ಜನರನ್ನ ಬಸವನಗುಡಿಗೆ, ಮಲ್ಲೇಶ್ವರಕ್ಕೆ ಓಡಿಸಿಕೊಂಡು ಬಂದಿದ್ದು ಪ್ಲೇಗ್.

ಇಲ್ಲೊಂದು ಸ್ವಾರಸ್ಯ ಇದೆ. ಇಲಿಯ ಮೈಮೇಲಿನ ಚಿಗಟದಿಂದ ಪ್ಲೇಗ್ ಹರಡುತ್ತೆ ಅಂತ ಪಾಲ್-ಲೂಯಿ ಸಿಮೊಂಡ್ ಅನ್ನೋ ಫ್ರೆಂಚ್ ವೈದ್ಯ ಕಂಡುಕೊಂಡಿದ್ದೂ ಅದೇ 1898ರಲ್ಲಿ. ಅದನ್ನ ಜಗತ್ತು ಒಪ್ಪಿಕೊಳ್ಳೋಕೆ ಇನ್ನೂ ಹಲವು ವರ್ಷ ಬೇಕಾಯ್ತು. ಅಲ್ಲಿವರೆಗೆ ಅಧಿಕಾರಿಗಳು ದೂರಿದ್ದು ಕೆಟ್ಟ ಗಾಳಿ, ಕತ್ತಲು, ಕೊಳೆ, ಇಕ್ಕಟ್ಟನ್ನ. ಹಾಗಾಗಿ ಹೊಸ ಬಡಾವಣೆಗೆ ನೇರವಾದ ಅಗಲ ರಸ್ತೆಗಳು, ಲೆಕ್ಕ ಹಾಕಿದ ಕ್ರಾಸ್‌ಗಳು, ದೊಡ್ಡ ಸೈಟ್‌ಗಳು ಬಂದವು. ಮನೆ ಸುತ್ತ ಗಾಳಿ ಬೆಳಕಿಗೆ ಅಂತ ಖಾಲಿ ಜಾಗ ಬಿಟ್ಟರು. ರೋಗದ ಕಾರಣ ಅವರಿಗೆ ಪೂರ್ತಿ ಗೊತ್ತಿರಲಿಲ್ಲ, ಆದರೂ ಬಿಟ್ಟ ಜಾಗ ಕೆಲಸಕ್ಕೆ ಬಂತು. ಅಲ್ಲೇ ತೆಂಗು, ಮಾವು, ಪಾರಿಜಾತ ಬೇರು ಬಿಟ್ಟವು.

ಎರಡು ಮುಖ್ಯ ರಸ್ತೆಗಳಿಗೆ ಮರದ ಹೆಸರೇ ಬಂತು. ಒಂದು ಸಂಪಿಗೆ ರಸ್ತೆ. ಇನ್ನೊಂದು ಮಾರ್ಗೋಸಾ ರಸ್ತೆ. ಮಾರ್ಗೋಸಾ ಅಂದ್ರೆ ನಮ್ಮ ಬೇವು, ಪೋರ್ಚುಗೀಸರ 'ಕಹಿ' ಅನ್ನೋ ಪದದಿಂದ ಇಂಗ್ಲಿಷಿಗೆ ಬಂದ ಹೆಸರು. ಸಂಪಿಗೆ ಒಂದು ಕಡೆ, ಬೇವು ಇನ್ನೊಂದು ಕಡೆ. ಈ ಬಡಾವಣೆಯ ಕಥೆಯೂ ಹಾಗೇ, ಘಮ ಇರೋ ಕಡೆ ಕಹಿಯೂ ಇದೆ.

ಆ ಕಹಿ ಏನು ಅಂದ್ರೆ, ಇಲ್ಲಿನ ಬ್ಲಾಕ್‌ಗಳನ್ನ ಜಾತಿ, ಸಮುದಾಯದ ಪ್ರಕಾರ ವಿಂಗಡಿಸಿ ಹಂಚಿದ್ದರು. ಪೇಟೆಯ ಇಕ್ಕಟ್ಟು ಎಲ್ಲರಿಗೂ ಒಂದೇ ಆಗಿತ್ತು. ಹೊರಗೆ ಬಂದು ಸೈಟ್ ಕೊಂಡು, ಹಿತ್ತಲು ಬಿಟ್ಟು ಮನೆ ಕಟ್ಟೋ ಶಕ್ತಿ ಮಾತ್ರ ಎಲ್ಲರಿಗೂ ಇರಲಿಲ್ಲ. ಸಂಬಳದ ಅಧಿಕಾರಿಗಳು, ವಕೀಲರು, ಮೇಷ್ಟ್ರುಗಳು ಬಂದರು. ಬಡವರಲ್ಲಿ ಬಹಳ ಜನ ಪೇಟೆಯಲ್ಲೇ ಉಳಿದರು.

ಇದಕ್ಕೆ ಸಾಕ್ಷಿ ಬೇಕಾ? ಮಲ್ಲೇಶ್ವರದ ಮನೆಗಳ ಹಿಂದೆ ಸಣ್ಣ ಸಣ್ಣ ಓಣಿಗಳಿವೆ, ಕನ್ಸರ್ವೆನ್ಸಿ ಲೇನ್ ಅಂತಾರೆ. ಇವತ್ತು ಕೆಲವು ಓಣಿಗಳ ಗೋಡೆ ಮೇಲೆ ಬಣ್ಣಬಣ್ಣದ ಚಿತ್ರಗಳಿವೆ, ನಿಮ್ಮಲ್ಲಿ ಕೆಲವರು ಅಲ್ಲಿ ರೀಲ್ಸ್ ಕೂಡ ಮಾಡಿರಬಹುದು. ಅವನ್ನ ಮಾಡಿದ ಉದ್ದೇಶ ಬೇರೆ. ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮುಂಬಾಗಿಲಿನ ಕಡೆ ಸುಳಿಯದೆ, ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ ಅಂತ. ತಲೆ ಮೇಲೆ ಮಲ ಹೊರುವ ಪದ್ಧತಿಗೆ ಕರ್ನಾಟಕದಲ್ಲಿ ನಿಷೇಧ ಬಂದಿದ್ದು 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ. ಮುಂದಿನ ರಸ್ತೆಯ ಸಂಪಿಗೆ ಘಮಕ್ಕೆ ಹಿಂದಿನ ಓಣಿಯಲ್ಲಿ ಯಾರೋ ಬೆಲೆ ತೆತ್ತಿದ್ದಾರೆ ಅನ್ನೋದನ್ನ ಮರೀಬಾರದು.

ಆದರೂ ಜಾಗ ಅನ್ನೋದು ಕಟ್ಟಿದವರ ಲೆಕ್ಕಾಚಾರ ಮೀರಿ ಬೆಳೆಯುತ್ತೆ. 1909ರಲ್ಲಿ ಪಕ್ಕದಲ್ಲೇ ಟಾಟಾ ಇನ್‌ಸ್ಟಿಟ್ಯೂಟ್, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆ ಶುರುವಾಯ್ತು. ಸರ್ ಸಿ.ವಿ. ರಾಮನ್ ಅವರ ಮನೆ 'ಪಂಚವಟಿ' ಮಲ್ಲೇಶ್ವರದಲ್ಲೇ ಇದೆ. ಕೆನರಾ ಯೂನಿಯನ್‌ನ ಮದುವೆ ಹಾಲ್ ಕಥೆ ಇನ್ನೂ ಚೆನ್ನಾಗಿದೆ. ಮದುವೆ ಇಲ್ಲದ ದಿನ ಅದೇ ಬ್ಯಾಡ್ಮಿಂಟನ್ ಕೋರ್ಟ್. ಅಲ್ಲಿ ಆಡಿ ಬೆಳೆದ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಅವತ್ತು ಅಲ್ಲಿ ದೊಡ್ಡ ಸ್ಟೇಡಿಯಂ ಏನೂ ಇರಲಿಲ್ಲ. ಒಂದಿಷ್ಟು ಖಾಲಿ ಜಾಗ, ಅದನ್ನ ಹಂಚಿಕೊಳ್ಳೋ ಜನ ಇದ್ದರು, ಅಷ್ಟೇ.

ಈಗ ಕಷ್ಟಕ್ಕೆ ಬಂದಿರೋದು ಆ ಖಾಲಿ ಜಾಗವೇ. ಅಜ್ಜ ಕಟ್ಟಿಸಿದ ಮನೆ ಮಕ್ಕಳು ಮೊಮ್ಮಕ್ಕಳ ಪಾಲಿಗೆ ಬಂದಾಗ ಹಳೇ ಮನೆ ಹೋಗಿ ಅಪಾರ್ಟ್‌ಮೆಂಟ್ ಏಳುತ್ತೆ. ಅವರನ್ನ ಬೈದು ಪ್ರಯೋಜನ ಇಲ್ಲ, ಒಂದು ಮನೆಯನ್ನ ನಾಲ್ಕು ಜನ ಹಂಚಿಕೊಳ್ಳೋದು ಸುಲಭವಲ್ಲ. ಆದರೆ ಕಾರು ನಿಲ್ಲಿಸೋಕೆ ಸೈಟಿನ ಅಂಚಿನವರೆಗೂ ಬೇಸ್‌ಮೆಂಟ್ ತೋಡಿದ ಮೇಲೆ ದೊಡ್ಡ ಮರಕ್ಕೆ ಮಣ್ಣು ಎಲ್ಲಿದೆ? ಕುಂಡದಲ್ಲಿ ತುಳಸಿ ಬೆಳೀಬಹುದು, ಮಾವು ಬೆಳೆಯಲ್ಲ. ಇನ್ನು ರಸ್ತೆಬದಿಯ ಮರಗಳಿಗೆ ಅಗಲೀಕರಣ, ಮೇಲ್ಸೇತುವೆಗಳ ಭಯ. 2023ರಲ್ಲಿ ಸ್ಯಾಂಕಿ ಕೆರೆ ಪಕ್ಕದ ಮೇಲ್ಸೇತುವೆ ಯೋಜನೆ ವಿರುದ್ಧ ಇಲ್ಲಿನವರು ಬೀದಿಗಿಳಿದಿದ್ದು ಇದೇ ಕಾರಣಕ್ಕೆ.

ಒಂದು ಮರ ಕಡಿದರೆ ಹತ್ತು ಸಸಿ ನೆಡ್ತೀವಿ ಅನ್ನೋ ಮಾತು ಎಲ್ಲರೂ ಕೇಳಿದ್ದೀವಿ. ನೆಡಲಿ, ಒಳ್ಳೇದೇ. ಆದರೆ ಮಲ್ಲೇಶ್ವರದ ಇತಿಹಾಸ ಹೇಳೋದು ಬೇರೆ: ಮೊದಲು ಜಾಗ ಬಿಡಬೇಕು, ಮರ ಆಮೇಲೆ ಬರುತ್ತೆ. ಅವತ್ತು ಸಾವಿಗೆ ಹೆದರಿ ಬಿಟ್ಟ ಜಾಗ ಕೆಲವರ ಪಾಲಿಗಷ್ಟೇ ಸಿಕ್ಕಿತು. ಮುಂದೆ ಕಟ್ಟೋ ಬಡಾವಣೆಗಳಲ್ಲಿ ಎಲ್ಲರ ಪಾಲಿಗೂ ಜಾಗ ಬಿಡೋಕೆ ನಮಗೆ ಇನ್ನೊಂದು ಪ್ಲೇಗ್ ಬೇಕಾ?

ಮುಂದಿನ ಸಲ ಬೆಣ್ಣೆ ಮಸಾಲೆ ತಿಂದು ಹೊರಗೆ ಬಂದಾಗ, ತಲೆ ಎತ್ತಿ ಮರ ನೋಡಿ. ಹಾಗೇ ಮನೆಗಳ ಹಿಂದಿನ ಆ ಓಣಿಯಲ್ಲೂ ಒಂದು ಸುತ್ತು ಬನ್ನಿ. ಮಲ್ಲೇಶ್ವರದ ಕಥೆ ಪೂರ್ತಿ ಆಗೋದು ಎರಡನ್ನೂ ನೋಡಿದಾಗಲೇ.