ಬಿಜಾಪುರ ಸೀಮೆಯಲ್ಲಿ ಕಥೋಲಿಕ ಪಾಲನೆ

ಬಿಜಾಪುರ ಸೀಮೆಯಲ್ಲಿ ಕಥೋಲಿಕ ಪಾಲನೆ ಎಂಬುದು ಇಂದಿನ ವಿಜಯಪುರ ಜಿಲ್ಲೆ ಹಾಗೂ ಅದಕ್ಕೆ ಹೊಂದಿಕೊಂಡ ಕೃಷ್ಣಾ ತೀರದ ಪ್ರದೇಶದಲ್ಲಿ ಕಥೋಲಿಕ ಕ್ರೈಸ್ತರ ಧಾರ್ಮಿಕ ಮೇಲ್ವಿಚಾರಣೆಯು 16ನೆಯ ಶತಮಾನದಿಂದ ಈವರೆಗೆ ನಡೆದುಬಂದ ಬಗೆಯನ್ನು ಸೂಚಿಸುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಹಾಗೂ ಮುದ್ದೇಬಿಹಾಳ ಸೀಮೆಯ ನಾಲತವಾಡ ಈ ಭಾಗಕ್ಕೆ ಸೇರುತ್ತವೆ. ಈ ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಆದರೆ 17ನೆಯ ಶತಮಾನದಲ್ಲಿ ಭಾರತೀಯನೊಬ್ಬನಿಗೆ ಲ್ಯಾಟಿನ್ ವಿಧಿಯ ಧರ್ಮಾಧ್ಯಕ್ಷ ಪದವಿ ಮೊಟ್ಟಮೊದಲು ದೊರೆತದ್ದು ಬಿಜಾಪುರ ರಾಜ್ಯದ ಹೆಸರಿನಲ್ಲಿಯೇ ಎಂಬ ಕಾರಣದಿಂದ ಧರ್ಮಸಭೆಯ ಇತಿಹಾಸದಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ.

ಪರಿಕಲ್ಪನೆ

ಕಥೋಲಿಕ ಸಂಪ್ರದಾಯದಲ್ಲಿ ವಿಶ್ವಾಸಿಗಳ ಮೇಲ್ವಿಚಾರಣೆಯನ್ನು ಕುರಿಗಾಹಿಯ ಕಾಯಕಕ್ಕೆ ಹೋಲಿಸಲಾಗುತ್ತದೆ. ಯೊವಾನ್ನನ ಶುಭಸಂದೇಶದ 10ನೆಯ ಅಧ್ಯಾಯ ಮತ್ತು 23ನೆಯ ಕೀರ್ತನೆ ಈ ಹೋಲಿಕೆಯ ಮೂಲಗಳು. ಕಂಬಳಿ ಹೊದ್ದು, ಮೇವು ಇದ್ದಲ್ಲಿಗೆ ಹಿಂಡನ್ನು ಹೊಡೆದುಕೊಂಡು ಹೋಗಿ, ಹೊಲದಲ್ಲೇ ಹಟ್ಟಿ ಹಾಕುವ ಕುರುಬರನ್ನು ನಿತ್ಯ ಕಾಣುವ ಉತ್ತರ ಕರ್ನಾಟಕದ ಓದುಗರಿಗೆ ಈ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯು ಧರ್ಮಕೇಂದ್ರದ ಗುರುಗಳ ಹೊಣೆಯನ್ನು 528 ಮತ್ತು 529ನೆಯ ವಿಧಿಗಳಲ್ಲಿ ವಿವರಿಸುತ್ತದೆ. ಬೋಧನೆ ಹಾಗೂ ಸಂಸ್ಕಾರಗಳ ಜೊತೆಗೆ ಮನೆಮನೆಗೆ ಹೋಗಿ ಕುಟುಂಬಗಳನ್ನು ಪರಿಚಯ ಮಾಡಿಕೊಳ್ಳುವುದು, ರೋಗಿಗಳ ಮತ್ತು ಮರಣಾಸನ್ನರ ಬಳಿ ಇರುವುದು, ಬಡವರನ್ನೂ ಊರು ಬಿಟ್ಟು ಬಂದವರನ್ನೂ ವಿಶೇಷವಾಗಿ ಗಮನಿಸುವುದು ಅದರಲ್ಲಿ ಸೇರಿವೆ.

ಪಾಲನೆಯ ಮತ್ತೊಂದು ಮುಖ ವಿಶ್ವಾಸಿಯ ಕಡೆಯದು. ಅನ್ನ, ಬಟ್ಟೆ, ನಾಳೆಯ ದಿನ ಇವುಗಳ ಚಿಂತೆಯನ್ನು ದೇವರಿಗೆ ಒಪ್ಪಿಸಬೇಕೆಂಬ ಬೋಧನೆ ಮತ್ತಾಯನ ಶುಭಸಂದೇಶದ 6ನೆಯ ಅಧ್ಯಾಯದಲ್ಲಿದೆ. ಇದನ್ನು ಕೈಕಟ್ಟಿ ಕೂರುವ ಉಪದೇಶವೆಂದು ತಿಳಿಯುವುದು ಸಾಮಾನ್ಯವಾದ ತಪ್ಪು. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಅನುದಿನದ ಆಹಾರದ ಬೇಡಿಕೆಯನ್ನು ವಿವರಿಸುವಾಗ, ದೇವರಲ್ಲಿ ಭರವಸೆ ಇಡುವುದೆಂದರೆ ಆಲಸ್ಯವಲ್ಲ, ಕಳವಳದಿಂದ ಬಿಡುಗಡೆ ಎಂದು ಸ್ಪಷ್ಟಪಡಿಸುತ್ತದೆ. ಬಿತ್ತನೆಯನ್ನು ಮಾಡಲೇಬೇಕು, ಮಳೆಯನ್ನು ಮಾತ್ರ ತರಿಸಲಾಗದು ಎಂಬುದನ್ನು ಒಣಬೇಸಾಯದ ರೈತ ಬಲ್ಲ. ಗ್ರಂಥದ ಮಾತಿನ ತಾತ್ಪರ್ಯವೂ ಅದಕ್ಕೆ ಸಮೀಪವಾಗಿದೆ.

ಆದಿಲ್‌ಶಾಹಿ ಕಾಲ

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಯುದ್ಧದಿಂದ ಆರಂಭವಾದ ಈ ನೆರೆಹೊರೆಯಲ್ಲಿ ಧಾರ್ಮಿಕ ಸಂಪರ್ಕಕ್ಕೂ ಎಡೆಯಿತ್ತು. ಮೊದಲನೆಯ ಅಲಿ ಆದಿಲ್‌ಶಾಹನ ಕೋರಿಕೆಯ ಮೇರೆಗೆ 1561ರಲ್ಲಿ ಗೋವೆಯಿಂದ ಧರ್ಮಗುರುಗಳು ಬಿಜಾಪುರಕ್ಕೆ ಬಂದರು. ಅಕ್ಬರನ ಆಸ್ಥಾನಕ್ಕೆ ಜೆಸ್ವಿತ್ ಗುರುಗಳು ತಲುಪಿದ್ದು 1580ರಲ್ಲಿ. ಅದಕ್ಕಿಂತ ಸುಮಾರು ಎರಡು ದಶಕ ಮುಂಚಿನ ಈ ಭೇಟಿ ಪಠ್ಯಪುಸ್ತಕಗಳಲ್ಲಿ ಅಷ್ಟಾಗಿ ಕಾಣಿಸಿಕೊಳ್ಳುವುದಿಲ್ಲ.

ಕೃಷ್ಣೆಯ ಆಚೆ ದಡದ ದೋಆಬ್ ಪ್ರದೇಶದಲ್ಲಿರುವ ಮುದಗಲ್ಲು (ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕು) ಈ ಭಾಗದ ಅತ್ಯಂತ ಹಳೆಯ ಕಥೋಲಿಕ ನೆಲೆ. ಅಲ್ಲಿನ ಚರ್ಚನ್ನು 1557ರ ವೇಳೆಗೆ ಕಟ್ಟಲಾಯಿತೆಂದು ಹೇಳಲಾಗುತ್ತದೆ. ಕೋಟೆಗಾಗಿ ವಿಜಯನಗರ ಮತ್ತು ಬಿಜಾಪುರ ತಲೆಮಾರುಗಳ ಕಾಲ ಕಾದಾಡಿದ ಊರಿನಲ್ಲಿ, ತಾಳಿಕೋಟೆ ಕದನಕ್ಕೂ (1565) ಮುಂಚಿನಿಂದ ಸಮುದಾಯವೊಂದು ಉಳಿದುಬಂದಿರುವುದು ಗಮನಾರ್ಹ.

ಮತೆಯುಸ್ ದೆ ಕಾಸ್ತ್ರೊ

ಗೋವೆಯ ಧರ್ಮಸಭೆ ಪೋರ್ಚುಗಲ್ ಅರಸನ ಆಶ್ರಯದ 'ಪದ್ರುವಾದೊ' ಪದ್ಧತಿಗೆ ಒಳಪಟ್ಟಿತ್ತು. ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕು ಅರಸನದು. ಪೋರ್ಚುಗೀಸರ ಆಳ್ವಿಕೆ ಇಲ್ಲದ ನಾಡುಗಳಲ್ಲಿ ಈ ಪದ್ಧತಿ ತೊಡಕಾಯಿತು: ಅರಸನ ಪ್ರಜೆಗಳಲ್ಲದ ವಿಶ್ವಾಸಿಗಳನ್ನು ಅರಸನ ಗುರುಗಳೇ ಪಾಲಿಸಬೇಕಾಗಿತ್ತು. 1622ರಲ್ಲಿ ಪೋಪ್ 15ನೆಯ ಗ್ರೆಗೊರಿ ಸ್ಥಾಪಿಸಿದ ವಿಶ್ವಾಸ ಪ್ರಸಾರ ಮಂಡಳಿಯು ಸ್ಥಳೀಯರನ್ನೇ ಗುರುಗಳನ್ನಾಗಿ ಮಾಡುವ ನಿಲುವು ತಳೆಯಿತು. ಇದರ ಮೊದಲ ಪ್ರಯೋಗಗಳಲ್ಲಿ ಒಂದು ಬಿಜಾಪುರ ರಾಜ್ಯ.

ಗೋವೆಯ ದಿವಾಡಿ ದ್ವೀಪದ ಕ್ರೈಸ್ತ ಬ್ರಾಹ್ಮಣ ಮನೆತನದ ಮತೆಯುಸ್ ದೆ ಕಾಸ್ತ್ರೊ ಅವರಿಗೆ ಸ್ವಂತ ಊರಿನಲ್ಲಿ ಗುರುದೀಕ್ಷೆ ದೊರೆಯಲಿಲ್ಲ. ಅವರು ರೋಮ್‌ಗೆ ತೆರಳಿ ಅಲ್ಲಿ ವಿದ್ಯಾಭ್ಯಾಸ ಮಾಡಿ ಗುರುಗಳಾದರು. 1637ರಲ್ಲಿ ಪೋಪ್ 8ನೆಯ ಅರ್ಬನ್ ಅವರ ಆಳ್ವಿಕೆಯಲ್ಲಿ ಕ್ರಿಸೊಪೊಲಿಸ್‌ನ ನಾಮಮಾತ್ರ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾಗಿ, 'ಇದಲ್ಕಾನ್' ರಾಜ್ಯದ ಅಪೋಸ್ತಲಿಕ ವಿಕಾರರಾಗಿ ನೇಮಕಗೊಂಡರು. ಇದಲ್ಕಾನ್ ಎಂಬುದು ಆದಿಲ್ ಖಾನ್ ಎಂಬ ಹೆಸರಿನ ಪೋರ್ಚುಗೀಸ್ ಅಪಭ್ರಂಶ. ಅಪೋಸ್ತಲಿಕ ವಿಕಾರ್ ಎಂದರೆ ಧರ್ಮಕ್ಷೇತ್ರ ಇನ್ನೂ ಸ್ಥಾಪನೆಯಾಗದ ನಾಡಿನಲ್ಲಿ ಪೋಪರ ಪರವಾಗಿ ನೇರವಾಗಿ ಪಾಲನೆ ನಡೆಸುವವರು. ಆಗ ಬಿಜಾಪುರದಲ್ಲಿ ಆಳುತ್ತಿದ್ದವನು ಗೋಳಗುಮ್ಮಟದಲ್ಲಿ ಸಮಾಧಿಯಾಗಿರುವ ಮಹಮ್ಮದ್ ಆದಿಲ್‌ಶಾಹ.

ಗೋವೆಯ ಅಧಿಕಾರಿಗಳು ಅವರ ಅಧಿಕಾರವನ್ನು ಒಪ್ಪಲಿಲ್ಲ. ಕಾಸ್ತ್ರೊ ಗಡಿಯಾಚೆ, ಆಗ ಬಿಜಾಪುರಕ್ಕೆ ಸೇರಿದ್ದ ಡಿಚೋಲಿಯಲ್ಲಿ (ಇಂದಿನ ಬಿಚೋಲಿಂ) ನೆಲೆಸಿ, ತಮ್ಮಂತೆಯೇ ಅವಕಾಶ ಸಿಗದ ಗೋವೆಯ ತರುಣರಿಗೆ ಗುರುದೀಕ್ಷೆ ನೀಡಿದರು. ಜಗಳ ವರ್ಷದಿಂದ ವರ್ಷಕ್ಕೆ ಬೆಳೆಯಿತು. 1653ರಲ್ಲಿ ಅವರು ಗೋವೆಯ ಬ್ರಾಹ್ಮಣ ಕ್ರೈಸ್ತರನ್ನು ಉದ್ದೇಶಿಸಿ ಪೋರ್ಚುಗೀಸ್ ಆಡಳಿತವನ್ನು ಕಟುವಾಗಿ ಟೀಕಿಸುವ 'ಬ್ರಾಹ್ಮಣರ ಕನ್ನಡಿ' ಎಂಬರ್ಥದ ಹೆಸರಿನ ಬರಹವನ್ನು ರಚಿಸಿದರು. ಗೋವೆಯ ವಿರುದ್ಧ ಡಚ್ಚರೊಡನೆಯೂ ಬಿಜಾಪುರದೊಡನೆಯೂ ಕೈಜೋಡಿಸಿದರೆಂಬ ಆರೋಪವನ್ನು ಹೊತ್ತು, ಕೊನೆಗೆ ರೋಮ್‌ಗೆ ಮರಳಿ ಅಲ್ಲಿಯೇ ನಿಧನರಾದರು.

ಕಾಸ್ತ್ರೊ ಅವರನ್ನು ಕೆಲವರು ಸ್ವಾಭಿಮಾನಿ ಎಂದೂ ಕೆಲವರು ಹಟಮಾರಿ ಎಂದೂ ಚಿತ್ರಿಸಿದ್ದಾರೆ. ಎರಡಕ್ಕೂ ಆಧಾರಗಳಿವೆ. ಆದರೆ ಅಧಿಕಾರದ ಈ ವ್ಯಾಜ್ಯದಲ್ಲಿ ಹೆಚ್ಚು ಕಳೆದುಕೊಂಡವರು ಒಳನಾಡಿನ ವಿಶ್ವಾಸಿಗಳು. ಒಬ್ಬ ಗುರುವಿನ ಸಂಸ್ಕಾರವನ್ನು ಇನ್ನೊಬ್ಬರು ಪ್ರಶ್ನಿಸುವ ಸ್ಥಿತಿಯಲ್ಲಿ ಯಾರ ಕೈಯಿಂದ ಪಾಪನಿವೇದನೆಯ ಕ್ಷಮೆ ಪಡೆಯಬೇಕು, ಯಾರ ಮುಂದೆ ಮದುವೆಯಾಗಬೇಕು ಎಂಬುದು ದಿನನಿತ್ಯದ ಗೊಂದಲವಾಗುತ್ತದೆ. 1669ರಲ್ಲಿ ಗೋವೆಯವರೇ ಆದ ಕುಸ್ತೊದಿಯೊ ದೆ ಪಿನ್ಯೊ ಉತ್ತರಾಧಿಕಾರಿಯಾದರು. 1674ರಲ್ಲಿ ಕಾಸ್ತ್ರೊ ಅವರ ಸೋದರಸಂಬಂಧದ ಕಿರಿಯರಾದ ತೊಮಾಸ್ ದೆ ಕಾಸ್ತ್ರೊ ಕೆನರಾದ ವಿಕಾರರಾದಾಗ ಅದೇ ವ್ಯಾಜ್ಯ ಕರಾವಳಿಗೂ ಹಬ್ಬಿತು. 1681ರಿಂದ ಅಲ್ಲಿ ಸೇವೆ ಸಲ್ಲಿಸಿದ ಜೋಸೆಫ್ ವಾಜ್ (2015ರಲ್ಲಿ ಸಂತ ಪದವಿ) ಎರಡು ಪಕ್ಷಗಳ ನಡುವೆ ರಾಜಿಗೆ ಶ್ರಮಿಸಬೇಕಾಯಿತು.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ವಿಕಾರರ ಕೇಂದ್ರ 1720ರಲ್ಲಿ ಕಾರ್ಮೆಲ್ ಸಭೆಯವರ ಕೈಯಲ್ಲಿ ಮುಂಬಯಿಗೆ ಸೇರಿತು. ಮುಂಬಯಿ ಮಹಾಧರ್ಮಕ್ಷೇತ್ರದ ಮೂಲವನ್ನು ಗುರುತಿಸುವುದು ಈ 1637ರ ವಿಕಾರತ್ವದಲ್ಲಿಯೇ.

ಗುರುಗಳಿಲ್ಲದ ದಿನಗಳು

ವಿಶಾಲ ಪ್ರದೇಶದಲ್ಲಿ ಚದುರಿದ ಕುಟುಂಬಗಳಿಗೆ ಗುರುಗಳ ಭೇಟಿ ಅಪರೂಪವಾಗಿರುವಲ್ಲಿ ಧಾರ್ಮಿಕ ಬದುಕು ನಡೆಯುವುದು ಮನೆಯಲ್ಲಿ. ಸಂಜೆಯ ಜಪಸರ, ಊಟಕ್ಕೆ ಮುಂಚಿನ ಪ್ರಾರ್ಥನೆ, ರೋಗಿಯ ಬಳಿಯ ಪ್ರಾರ್ಥನೆ ಇವುಗಳಿಗೆ ಗುರುಗಳ ಅಗತ್ಯವಿಲ್ಲ. ಮಕ್ಕಳಿಗೆ ಜಪಗಳನ್ನು ಕಲಿಸುವುದು, ಸತ್ತವರ ಮಣ್ಣಿನಲ್ಲಿ ಪ್ರಾರ್ಥನೆ ನಡೆಸುವುದು ಉಪದೇಶಿಯ ಕೆಲಸ. ಉಪದೇಶಿ ಎಂದರೆ ದೀಕ್ಷೆ ಪಡೆಯದ, ಸಾಮಾನ್ಯವಾಗಿ ಅದೇ ಊರಿನ, ಗೃಹಸ್ಥ ಸೇವಕ. ಗುರುಗಳ ಹೆಸರುಗಳು ದಾಖಲೆಗಳಲ್ಲಿ ಉಳಿದಷ್ಟು ಉಪದೇಶಿಗಳ ಹೆಸರುಗಳು ಉಳಿದಿಲ್ಲ.

ಧರ್ಮಸಭಾ ಕಾನೂನು ಇಂತಹ ಸ್ಥಿತಿಗೆ ಹಲವು ದಾರಿಗಳನ್ನು ತೆರೆದಿಟ್ಟಿದೆ. ಸಾವಿನ ಅಪಾಯದಲ್ಲಿರುವ ಮಗುವಿಗೆ ಯಾರು ಬೇಕಾದರೂ ಸರಿಯಾದ ಉದ್ದೇಶದಿಂದ ನೀರೆರೆದು ದೀಕ್ಷಾಸ್ನಾನ ಕೊಡಬಹುದು. ಸೂಲಗಿತ್ತಿ ಕೊಟ್ಟರೂ ಅದು ಸಿಂಧು (861ನೆಯ ವಿಧಿ). ಭಾನುವಾರ ಬಲಿಪೂಜೆ ಸಾಧ್ಯವಿಲ್ಲದಲ್ಲಿ ಕುಟುಂಬವಾಗಿ ಅಥವಾ ಕುಟುಂಬಗಳು ಕೂಡಿ ಪ್ರಾರ್ಥಿಸಲು ಸೂಚಿಸಲಾಗಿದೆ (1248ನೆಯ ವಿಧಿ). ಗುರುಗಳ ಕೊರತೆಯಿದ್ದರೆ ಧರ್ಮಾಧ್ಯಕ್ಷರು ಶ್ರೀಸಾಮಾನ್ಯರಿಗೂ ಧರ್ಮಕೇಂದ್ರದ ಪಾಲನೆಯಲ್ಲಿ ಪಾಲು ಕೊಡಬಹುದು (517ನೆಯ ವಿಧಿ). ಆದರೆ ಬಲಿಪೂಜೆಯ ಅರ್ಪಣೆ, ಪಾಪನಿವೇದನೆಯ ಕ್ಷಮೆ, ರೋಗಿಗಳ ಅಭ್ಯಂಗ ಇವು ಗುರುಗಳಿಗೆ ಮಾತ್ರ ಮೀಸಲು. ಗುರುಗಳು ಬರುವ ಮುನ್ನ ಸಾಯುವ ವ್ಯಕ್ತಿಯು ದೇವರ ಮೇಲಿನ ಪ್ರೀತಿಯಿಂದ ಪಶ್ಚಾತ್ತಾಪಪಟ್ಟು, ಸಾಧ್ಯವಾದೊಡನೆ ಪಾಪನಿವೇದನೆ ಮಾಡುವ ಸಂಕಲ್ಪವಿಟ್ಟಿದ್ದರೆ ಕ್ಷಮೆ ದೊರೆಯುತ್ತದೆ ಎಂಬುದು ಧರ್ಮಸಭೆಯ ಬೋಧನೆ. ಗುರುಗಳಿಂದ ದೂರವಿರುವ ಊರುಗಳಲ್ಲಿ ದೇವರ ಮೇಲಿನ ಭರವಸೆ ಹೆಚ್ಚು ತೂಕ ಪಡೆಯುವುದು ಇಂಥ ಗಳಿಗೆಯಲ್ಲಿ.

ಭಾಷೆಯೂ ಒಂದು ಅಡ್ಡಿಯಾಗಿತ್ತು. ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು; ಗೋವೆಯಿಂದ ಬಂದ ಗುರುಗಳ ಮನೆಮಾತು ಕೊಂಕಣಿ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಅಂಗೀಕರಿಸಿದ ಪವಿತ್ರ ಆರಾಧನಾ ವಿಧಿಯ ಸಂವಿಧಾನವು ಜನಭಾಷೆಗಳಿಗೆ ದಾರಿ ಮಾಡಿಕೊಟ್ಟ ನಂತರ ಕನ್ನಡದ ಬಲಿಪೂಜೆ ರೂಢಿಗೆ ಬಂದಿತು.

ಇಂದಿನ ಆಡಳಿತ

ಬ್ರಿಟಿಷರ ಕಾಲದಲ್ಲಿ ಬಿಜಾಪುರ ಮುಂಬಯಿ ಪ್ರಾಂತ್ಯಕ್ಕೂ, ಮುದಗಲ್ಲು ನಿಜಾಮರ ಹೈದರಾಬಾದಿಗೂ ಸೇರಿದ್ದರಿಂದ ನದಿಯ ಎರಡು ದಡಗಳ ಧಾರ್ಮಿಕ ಆಡಳಿತವೂ ಬೇರೆಯಾಯಿತು. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಸ್ಥಾಪನೆಯಾಯಿತು. 2005ರ ಜೂನ್ 24ರಂದು ಗುಲ್ಬರ್ಗ ಧರ್ಮಕ್ಷೇತ್ರ ಅಸ್ತಿತ್ವಕ್ಕೆ ಬಂದಾಗ ವಿಜಯಪುರ ಜಿಲ್ಲೆ ಅದರ ವ್ಯಾಪ್ತಿಗೆ ಸೇರಿತು. ಬೆಂಗಳೂರು ಮಹಾಧರ್ಮಕ್ಷೇತ್ರದ ಅಧೀನದಲ್ಲಿರುವ ಇದರ ಮೊದಲ ಧರ್ಮಾಧ್ಯಕ್ಷರು ರಾಬರ್ಟ್ ಮೈಕಲ್ ಮಿರಾಂದ. ಮುದಗಲ್ಲು ಬಳ್ಳಾರಿ ಧರ್ಮಕ್ಷೇತ್ರದಲ್ಲಿದೆ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಈ ಭಾಗದ ಕೂಲಿಕಾರರು ಗೋವೆ ಹಾಗೂ ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತಾರೆ. ಹಿಂದೆ ಗುರುಗಳು ಗೋವೆಯಿಂದ ಇತ್ತ ಬರುತ್ತಿದ್ದ ದಾರಿಯಲ್ಲಿ ಈಗ ಜನ ಅತ್ತ ಹೋಗುತ್ತಿದ್ದಾರೆ. ಹೀಗೆ ವಲಸೆ ಹೋದ ವಿಶ್ವಾಸಿಗಳು ತಾವು ಇರುವ ಊರಿನ ಧರ್ಮಕೇಂದ್ರದ ಗುರುಗಳ ಪಾಲನೆಗೆ ಒಳಪಡುತ್ತಾರೆ.