ಮಾರುತಿ 800ರ ಉತ್ತರಕಾಂಡ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳೇ ಮಧ್ಯಮವರ್ಗದ ಆಕಾಂಕ್ಷೆಯ ಪರಮಾವಧಿಯಾಗಿದ್ದ ಕಾಲದಲ್ಲಿ, 1983ರ ಡಿಸೆಂಬರಿನಲ್ಲಿ ಅವತರಿಸಿದ ಮೂರು ಸಿಲಿಂಡರುಗಳ, 796 ಸಿಸಿ ಯಂತ್ರದ ಮಾರುತಿ 800, ಹೊಸ ಕಾರು ಕೊಳ್ಳಲಾರದವರ ಅಂಗಳಕ್ಕೂ ಕಾಲಕ್ರಮೇಣ ಸೆಕೆಂಡ್‌ಹ್ಯಾಂಡ್ ಮಾರ್ಗದಿಂದ ಪ್ರವೇಶಿಸಿತು. ಉಡುಪಿ ಜಿಲ್ಲೆಯ ಕೆಎ-20 ನೋಂದಣಿ ಫಲಕ ಹೊತ್ತ ಹಳೆಯ ಗಾಡಿಯನ್ನು ಕೊಂಡವನು ಎಲ್ಲವನ್ನೂ ಒಮ್ಮೆಗೇ ಸರಿಪಡಿಸಲಾರದವನಾದುದರಿಂದ, ಕಾಪುವಿನ ಲವಣಮಯ ಕಡಲಗಾಳಿಗೆ ತುಕ್ಕು ಹಿಡಿದ ತಳಭಾಗಕ್ಕೆ ಮೊದಲು ಲೇಪನವನ್ನೂ, ಕಾರ್ಕಳದಿಂದ ಮಾಳ ಘಾಟಿಯನ್ನೇರುವ ದಾರಿಯ ಸಲುವಾಗಿ ಅನಂತರ ಹೊಸ ಬ್ರೇಕು, ಕ್ಲಚ್ಚುಗಳನ್ನೂ, ಮಣಿಪಾಲದ ಯುವಜನರ ಅಭಿರುಚಿಗನುಗುಣವಾಗಿ ಕಡೆಯಲ್ಲಿ ಸ್ಟೀರಿಯೋ, ಅಲಾಯ್ ಚಕ್ರಗಳನ್ನೂ ಕೂಡಿಸುವುದು ರೂಢಿ. ಆದರೆ ತಯಾರಕನು ನಿರ್ದಿಷ್ಟಪಡಿಸಿದ ಮೂಲಸ್ವರೂಪವನ್ನು ಮೀರುವ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುವುದು. 2014ರ ಜನವರಿಯಲ್ಲಿ ಮಾರುತಿ 800ರ ತಯಾರಿಕೆ ನಿಂತಿತಾದರೂ, ಹದಿನೈದು ವರ್ಷಗಳ ನೋಂದಣಿ ತೀರಿದ ಮೇಲೂ ಪರೀಕ್ಷೆಗೊಳಗಾಗಿ ನವೀಕರಣ ಪಡೆಯಲು ಅವಕಾಶವಿರುವುದರಿಂದ, ಮಿತವ್ಯಯಿಯಾದ ಮಾಲೀಕನಿಗೆ ಈ ಕಾರು ಇಂದಿಗೂ ಅನಿವಾರ್ಯ ಸಹಚರ.